ದಾರದ ತುದಿಗೊಂದು ಗುಂಡಿ

ಮಾನ್ಯ ಅಧ್ಯಕ್ಷರೇ, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿರುವ ಕಂಪನಿಯ ಪ್ರತಿನಿಧಿಗಳೇ, ಲೆಕ್ಕದಲ್ಲಿ ಬಿಗಿ, ಮನಸ್ಸಿನಲ್ಲಿ ಸಡಿಲ ಎಂದು ಹೆಸರಾದ ನಮ್ಮ ಖಜಾಂಚಿಗಳೇ, ಆನ್‌ಲೈನ್ ಮಾರಾಟಗಾರರ ಸಂಘದ ಬಂಧುಗಳೇ, ಒಳಗೆ ಫ್ಯಾನಿದೆ ಎಂಬ ಒಂದೇ ಕಾರಣಕ್ಕೆ ಬಂದು ಹಿಂದಿನ ಕುರ್ಚಿಗಳನ್ನು ಹಿಡಿದಿರುವ ಸಭಿಕರೇ, ತಮಗೆಲ್ಲ ನನ್ನ ವಂದನೆಗಳು.

ಇಷ್ಟು ಹೊತ್ತು ನನ್ನ ಬಗ್ಗೆ ಎಷ್ಟೊಂದು ಒಳ್ಳೆಯ ಮಾತುಗಳು ಬಂದವು! ಅಧ್ಯಕ್ಷರು "ಧೀಮಂತ ಹೋರಾಟಗಾರ" ಎಂದಾಗ ನಾನು ಹಿಂದಿರುಗಿ ನೋಡಿದೆ, ನನ್ನ ಬೆನ್ನ ಹಿಂದೆ ಯಾರಾದರೂ ಬಂದು ನಿಂತಿದ್ದಾರೇನೋ ಎಂದು. ಬ್ಯಾನರಿನಲ್ಲಿ ನನ್ನ ಮುಖ ಮಾತ್ರ ಇತ್ತು, ಅದೂ ಇಪ್ಪತ್ತು ವರ್ಷ ಚಿಕ್ಕದು. ಹೋರಾಟಗಾರ ಎಂದರೆ ಬೀದಿಗಿಳಿದವನು. ನಾನು ಕುರ್ಚಿಯಲ್ಲಿ ಕುಳಿತು ಕಂಪನಿಗೆ ಪತ್ರ ಬರೆದವನು, ಅಷ್ಟೆ. ಬೀದಿಗೆ ಇಳಿಯುತ್ತಿದ್ದವಳು ನನ್ನ ಅಕ್ಕ. ಅವಳ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಈ ಕಾಣಿಕೆಯ ಬಗ್ಗೆ ಒಂದು ಮಾತು. ನೀವೆಲ್ಲ ಚಪ್ಪಾಳೆ ಹೊಡೆದಿರಿ, ಫೋಟೋ ತೆಗೆದಿರಿ. ನಿಜ ಹೇಳಿಬಿಡುತ್ತೇನೆ. ಇದು ಖಾಲಿ ಡಬ್ಬ! ನನಗೆ ಕೊಡಬೇಕಾಗಿದ್ದ ನೆನಪಿನ ಕಾಣಿಕೆ ಇನ್ನೂ ದಾರಿಯಲ್ಲಿದೆಯಂತೆ. ಆನ್‌ಲೈನ್ ಮಾರಾಟಗಾರರ ಸಂಘಕ್ಕೇ ಆನ್‌ಲೈನಿನಲ್ಲಿ ತರಿಸಿದ ಸಾಮಾನು ಹೊತ್ತಿಗೆ ಸರಿಯಾಗಿ ಬಂದಿಲ್ಲ. ನಗಿ, ನಗಿ, ಗಿರಾಕಿಗಳು ನಮ್ಮನ್ನು ಬೈಯುವಾಗ ಈ ನಗು ನೆನಪಿರಲಿ. ಹೋದ ವಾರ ಖಜಾಂಚಿಗಳು ಬ್ಯಾನರಿಗೆ ಹಳೆಯ ಫೋಟೋ ಕೇಳಿಕೊಂಡು ನಮ್ಮ ಮನೆಗೆ ಬಂದಿದ್ದರು. ಹೊರಡುವಾಗ ತಲೆ ಕೆರೆದುಕೊಂಡು, "ಸಾರ್, ಒಂದು ಖಾಲಿ ಡಬ್ಬ ಇದ್ರೆ ಕೊಡ್ತೀರಾ?" ಅಂದರು. ನನಗೇ ಕೊಡುವುದಕ್ಕೆ ನನ್ನಿಂದಲೇ ಡಬ್ಬ! ಕೊಟ್ಟೆ. ಬಾಯಿಗೆ ಟೇಪು ಅಂಟಿಸಿಯೇ ಕೊಟ್ಟೆ. ಅವರು ಅದಕ್ಕೆ ಚಿನ್ನದ ಬಣ್ಣದ ಕಾಗದ ಸುತ್ತಿ ಮೈಕಿನವರ ವ್ಯಾನಿನಲ್ಲಿ ಇಲ್ಲಿಗೆ ಕಳಿಸಿದ್ದಾರೆ. ಈಗ ತಾನೇ ವೇದಿಕೆಯ ಮೇಲೆ ಕಿವಿಯಲ್ಲಿ, "ಅದೇ ಡಬ್ಬ ಸಾರ್, ಸ್ವಲ್ಪ ಭಾರ ಇರೋ ಥರ ಹಿಡ್ಕೊಳ್ಳಿ" ಅಂದರು. ನಾನು ನಟನೆ ಕಲಿತವನಲ್ಲ. ಈ ಫ್ಯಾನಿನ ಗಾಳಿಗೆ ಹಾರಿಹೋಗಿ ಸಂಘದ ಮಾನ ಹೋಗದಿರಲಿ ಎಂದು ಮೇಜಿನ ಮೇಲಿಟ್ಟು, ಅದರ ಮೇಲೆ ಈ ಹೂಗುಚ್ಛ ಹೇರಿದ್ದೇನೆ.

ಇರಲಿ. ವಿಷಯಕ್ಕೆ ಬರೋಣ.

ಪ್ರಶ್ನೆ ಬಹಳ ಸರಳ. ಗಿರಾಕಿ ನಮಗೆ ಹಣ ಕೊಡುತ್ತಾನೆ. ಅದರಲ್ಲಿ ಒಂದು ಭಾಗ ಸರಕಿನ ಬೆಲೆ, ಅದು ನಮ್ಮದು. ಇನ್ನೊಂದು ಭಾಗ ಸಾಗಣೆಯ ಖರ್ಚು, ಅದು ಕೊರಿಯರಿನವರದು. ಮತ್ತೊಂದು ಭಾಗ ತೆರಿಗೆ, ಅದು ಸರ್ಕಾರದ್ದು. ನಾವು ಯಾರ ವೆಬ್‌ಸೈಟಿನಲ್ಲಿ ಮಾರುತ್ತೇವೋ ಆ ಕಂಪನಿ ಏನು ಮಾಡುತ್ತದೆ? ಮೂರನ್ನೂ ಒಂದೇ ಗುಡ್ಡೆ ಹಾಕಿ, ಗುಡ್ಡೆಯ ಮೇಲೆ ಕಮಿಷನ್ ಹಿಡಿಯುತ್ತದೆ. ನನ್ನದಲ್ಲದ ಹಣಕ್ಕೆ ನಾನೇಕೆ ಕಮಿಷನ್ ಕೊಡಬೇಕು ಸ್ವಾಮಿ? ಸರ್ಕಾರದ ತೆರಿಗೆಯನ್ನು ನಾನು ಮಾರಿದೆನೇ? ರಸ್ತೆಯನ್ನು ನಾನು ಮಾರಿದೆನೇ?

ನಿಮ್ಮಲ್ಲಿ ಹೊಸಬರಿದ್ದೀರಿ, ನನ್ನ ವ್ಯಾಪಾರ ಏನೆಂದು ಗೊತ್ತಿರಲಿಕ್ಕಿಲ್ಲ. ನಾನು ಗುಂಡಿ ಮಾರುವವನು. ಅಂಗಿಯ ಗುಂಡಿ, ಕೋಟಿನ ಗುಂಡಿ. ಹೊಸದಲ್ಲ, ಕಳೆದುಹೋದದ್ದಕ್ಕೆ ಜೋಡಿ. ನಿಮ್ಮ ಹಳೆಯ ಕೋಟಿನಲ್ಲಿ ಒಂದು ಗುಂಡಿ ಬಿದ್ದುಹೋಯಿತು ಅನ್ನಿ. ಅಂಥದ್ದು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಉಳಿದ ಗುಂಡಿಯ ಫೋಟೋ ನಮಗೆ ಕಳಿಸುತ್ತೀರಿ. ನಮ್ಮ ಮನೆಯ ನಡುಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಗಾಜಿನ ಜಾಡಿಗಳಿವೆ, ಬಣ್ಣಕ್ಕೊಂದು ಸಾಲು, ತೂತಿನ ಲೆಕ್ಕಕ್ಕೊಂದು ಗೂಡು. ಹುಡುಕಿ ತೆಗೆದು ಕಳಿಸುತ್ತೇವೆ. ಗುಂಡಿಯ ಬೆಲೆ ಬಿಡಿಗಾಸು. ಅದು ನಿಮ್ಮ ಮನೆ ಸೇರುವ ಖರ್ಚು ಗುಂಡಿಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಒಟ್ಟು ಮೊತ್ತದ ಮೇಲೆ ಕಮಿಷನ್ ಕೊಟ್ಟರೆ ನನಗೆ ಉಳಿಯುವುದೇನು? ಗುಂಡಿಯ ತೂತು.

ಈ ಅನ್ಯಾಯವನ್ನು ಮೊದಲು ಹಿಡಿದವಳು ಅಕ್ಕ. ನನಗೆ ಆಗ ಅದು ತಲೆಗೇ ಹೋಗಿರಲಿಲ್ಲ. ಒಂದು ದಿನ ಕಂಪ್ಯೂಟರಿನ ಪರದೆಯನ್ನು ಬೆರಳಿನಿಂದ ಕುಟ್ಟಿದಳು.

"ಲೋ ಪುಟ್ಟ, ಇಲ್ನೋಡು. ಸಾಗಣೆ ದುಡ್ಡಿಗೂ ಕಮಿಷನ್ ಹಿಡ್ದಿದಾರೆ."

"ಹಿಡೀಲಿ ಬಿಡಕ್ಕ, ಎಲ್ಲರಿಗೂ ಹಿಡೀತಾರೆ."

"ಎಲ್ಲರೂ ಸುಮ್ನಿದಾರೆ ಅಂತ ನಾನೂ ಬಾಯಿಗೆ ಬೀಗ ಹಾಕ್ಕೊಳ್ಲಾ? ಇದು ನಮ್ದಲ್ಲ ಕಣೋ. ನಮ್ ಕೈ ದಾಟಿ ಹೋಗೋದು. ದಾಟಿ ಹೋಗೋದ್ರಲ್ಲಿ ಇವ್ರಿಗ್ಯಾವ ಪಾಲು? ಬರಿ, ಪತ್ರ ಬರಿ. ನಿನ್ನ ಭಾಷಣವೆಲ್ಲ ಅದ್ರಲ್ಲಿ ಹಾಕು."

ನನಗೆ ಅರವತ್ತು ದಾಟಿದ ಮೇಲೂ ಅವಳಿಗೆ ನಾನು ಪುಟ್ಟನೇ. ಬರೆದೆ. ಬರೆಯುತ್ತಲೇ ಹೋದೆ. ನೀವು ಒಬ್ಬೊಬ್ಬರೇ ಬಂದು ಸೇರಿಕೊಂಡಿರಿ. ಸಂಘ ಹುಟ್ಟಿತು. ಇಂದು ನೀವು ಹೊಗಳಿದ ಹೋರಾಟದ ಪೂರ್ತಿ ಕಥೆ ಇಷ್ಟೇ.

ಪ್ರತಿನಿಧಿಗಳು ಮುಗುಳ್ನಗುತ್ತಿದ್ದಾರೆ. ಅವರ ಪಕ್ಷವನ್ನೂ ಹೇಳದಿದ್ದರೆ ನಾನು ನ್ಯಾಯವಂತನಲ್ಲ. ಸಾಗಣೆಯನ್ನು ಬಿಟ್ಟು ಬರೀ ಬೆಲೆಯ ಮೇಲೆ ಕಮಿಷನ್ ಹಿಡಿದರೆ ಜನ ಏನು ಮಾಡುತ್ತಾರೆ? ನಮ್ಮ ಸಂಘದಲ್ಲೇ ಒಬ್ಬರಿದ್ದಾರೆ, ಯಾರೆಂದು ಹೇಳುವುದಿಲ್ಲ, ಅವರು ಈಗಾಗಲೇ ನೆಲ ನೋಡುತ್ತಿದ್ದಾರೆ. ಚಮಚಕ್ಕೆ ಚಿಲ್ಲರೆ ಬೆಲೆ ಹಾಕಿ, ಅದನ್ನು ಕಳಿಸುವುದಕ್ಕೆ ಆನೆ ಸಾಗಿಸುವಷ್ಟು ಖರ್ಚು ತೋರಿಸಿದ್ದರು! ಕಂಪನಿ ಇಂಥವರಿಗೆ ಹೆದರಿ ಎಲ್ಲದರ ಮೇಲೂ ಕಮಿಷನ್ ಹಾಕಿತು. ಹಣ ದಾಟಿಸುವ ಬ್ಯಾಂಕು ತಮ್ಮಿಂದಲೂ ಪೂರ್ತಿ ಮೊತ್ತದ ಮೇಲೆಯೇ ಹಿಡಿಯುತ್ತದೆ ಎಂದೂ ಹೇಳುತ್ತಾರೆ. ಒಪ್ಪೋಣ. ಹಾಗಾದರೆ ಬ್ಯಾಂಕಿನ ಪಾಲಿನಷ್ಟು ಮಾತ್ರ ಹಿಡಿಯಿರಿ. ಸಾಗಣೆಗೆ ಕೊರಿಯರಿನ ರಸೀದಿ ಕೇಳಿ. ಇನ್ನು ತೆರಿಗೆಯಲ್ಲಿ ಯಾವ ಚಮಚದವರು ಮೋಸ ಮಾಡಲು ಸಾಧ್ಯ? ಅದರ ಮೇಲೇಕೆ ಕಣ್ಣು? ಇದು ನನ್ನ ವಾದ. ಇವತ್ತಿಗೂ ಇದೇ ನನ್ನ ವಾದ. ಇದನ್ನು ಮರೆಯಬೇಡಿ, ಯಾಕೆಂದರೆ ಮುಂದೆ ನಾನು ಹೇಳುವುದನ್ನು ಕೇಳಿ ಇವನು ಪಕ್ಷ ಬದಲಿಸಿದ ಎಂದು ನಿಮಗೆ ಅನ್ನಿಸಬಹುದು.

ಕಂಪನಿ ಈಗ ಒಂದು ಮೆಟ್ಟಿಲು ಇಳಿದಿದೆ. ನಮ್ಮ ಸರಕನ್ನೆಲ್ಲ ಅವರ ಗೋದಾಮಿಗೆ ಒಪ್ಪಿಸಬೇಕು. ಅಲ್ಲಿ ಯಂತ್ರಗಳೇ ಆರಿಸಿ, ಯಂತ್ರಗಳೇ ಕಟ್ಟಿ ಕಳಿಸುತ್ತವೆ. ಆಗ ಸಾಗಣೆಯ ಮೇಲೂ ತೆರಿಗೆಯ ಮೇಲೂ ಕಮಿಷನ್ ಇಲ್ಲ. ಷರತ್ತು ಒಂದೇ, ಸಂಘದ ಎಲ್ಲ ಸದಸ್ಯರೂ ಒಪ್ಪಬೇಕು. ಒಬ್ಬರು ಬಿಟ್ಟರೂ ಯಾರಿಗೂ ಇಲ್ಲ. ನೀವೆಲ್ಲ ಸಹಿ ಹಾಕಿದ್ದೀರಿ. ಬಾಕಿ ಇರುವುದು ನಾನೊಬ್ಬನೇ. ಆ ಕಾಗದ ಅಧ್ಯಕ್ಷರ ಜೇಬಿನಲ್ಲಿದೆ, ಪೆನ್ನಿನ ಮುಚ್ಚಳ ಆಗಲೇ ತೆಗೆದಿಟ್ಟಿದ್ದಾರೆ. ಈ ಸನ್ಮಾನ ಯಾಕೆ ಇಷ್ಟು ಅವಸರದಲ್ಲಿ ಏರ್ಪಾಡಾಯಿತು ಎಂಬುದು ನನಗೆ ತಿಳಿಯದಷ್ಟು ನಾನು ದಡ್ಡನಲ್ಲ ಅಧ್ಯಕ್ಷರೇ! ಬೇಸರವಿಲ್ಲ. ನಾನೂ ಸಹಿ ಹಾಕುವುದೆಂದೇ ಬಂದಿದ್ದೆ. ನೋಡಿ, ಈ ಚೀಟಿಯಲ್ಲಿ ಹಾಗೆಂದೇ ಬರೆದುಕೊಂಡಿದ್ದೇನೆ, "ಸಂತೋಷದಿಂದ ಸಹಿ ಹಾಕುತ್ತೇನೆ" ಎಂದು. ಆದರೆ ಈ ಮೈಕಿನ ಮುಂದೆ ನಿಂತ ಮೇಲೆ ನಾಲಿಗೆ ಆ ಸಾಲಿಗೆ ಹೋಗುತ್ತಿಲ್ಲ.

ಯಾಕೆ ಎಂದು ಹೇಳುತ್ತೇನೆ. ಕೇಳಿ ನಗುವವರು ನಗಬಹುದು.

ನಮ್ಮ ಮನೆಯ ಕಿಟಕಿಯ ಪಕ್ಕ ಒಂದು ಉದ್ದನೆಯ ಮೇಜಿದೆ. ಹುಡುಕುವ ಕೆಲಸ ನನ್ನದು, ಕಟ್ಟುವ ಕೆಲಸ ಅಕ್ಕನದು. ಅವಳು ಟೇಪು ಮುಟ್ಟುತ್ತಿರಲಿಲ್ಲ. ಕಂದು ಕಾಗದ ಸುತ್ತಿ, ಮೇಲೆ ದಾರ ಹಾಕಿ, ದಾರದ ಒಂದು ತುದಿಯಲ್ಲಿ ಕುಣಿಕೆ ಮಾಡಿ, ಇನ್ನೊಂದು ತುದಿಗೆ ಒಂದು ಜೋಡಿಯಿಲ್ಲದ ಗುಂಡಿ ಪೋಣಿಸಿ, ಅದನ್ನು ಕುಣಿಕೆಯೊಳಗೆ ತೂರಿಸಿ ಬಿಗಿಯುತ್ತಿದ್ದಳು. ಕೋಟಿಗೆ ಗುಂಡಿ ಹಾಕಿದ ಹಾಗೆಯೇ. "ಬಿಚ್ಚೋರು ಕತ್ತರಿ ಹುಡುಕ್ಬಾರ್ದು" ಅನ್ನುತ್ತಿದ್ದಳು. ಎರಡು ಕೈಯಲ್ಲೂ ದಾರ ಇರುತ್ತಿದ್ದುದರಿಂದ ಗುಂಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ಅವಳ ಅಭ್ಯಾಸ. ಬಾಯಲ್ಲಿ ಗುಂಡಿ ಇಟ್ಟುಕೊಂಡೇ ನನ್ನನ್ನು ಬೈಯುತ್ತಿದ್ದಳು. ಅರ್ಧ ಮಾತು ಗೊತ್ತಾಗುತ್ತಿರಲಿಲ್ಲ. "ಅಕ್ಕ, ಕೊಳೆ ಗುಂಡಿ, ಬಾಯಿಗೆ ಹಾಕ್ಬೇಡ" ಎಂದರೆ, "ನಿನ್ನ ಬಾಯಿಗಿಂತ ಚೊಕ್ಕಟವಾಗಿದೆ ಹೋಗೋ" ಎಂದು ಬರುತ್ತಿತ್ತು. ನಾನೂ ಆ ಕಟ್ಟನ್ನು ಕಲಿಯಲು ನೋಡಿದೆ. ನನ್ನ ಕೈಗೆ ಅದು ಬರಲೇ ಇಲ್ಲ.

ಕಟ್ಟಿದ್ದನ್ನೆಲ್ಲ ಚೀಲಕ್ಕೆ ಹಾಕಿಕೊಂಡು, ಹಸಿರು ಕೋಟು ತೊಟ್ಟು, ಕೊರಿಯರ್ ಕೌಂಟರಿಗೆ ನಡೆದೇ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಹಾಗೇ ಹೋದಳು. ಕೌಂಟರಿನಲ್ಲಿ ಎಲ್ಲ ಒಪ್ಪಿಸಿದಳು. ಅಲ್ಲಿ ತೂಕ ಹಾಕುವವರು, ನಾವು ತೂಕದಣ್ಣ ಎಂದೇ ಕರೆಯುವುದು, ಅವರ ಹತ್ತಿರ ತಮಾಷೆಯನ್ನೂ ಮಾಡಿದಳಂತೆ. ವಾಪಸು ಬರುವಾಗ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಳು. ಖಾಲಿ ಚೀಲ ತೊಡೆಯ ಮೇಲೆ. ಬಸ್ಸುಗಳು ಬಂದವು, ಹೋದವು. ಅಕ್ಕಪಕ್ಕ ಜನ ಕುಳಿತರು, ಎದ್ದರು. ಅವಳು ತನ್ನ ಬಸ್ಸಿಗೆ ಕಾಯುತ್ತಿದ್ದಾಳೆ ಎಂದೇ ಎಲ್ಲರೂ ಅಂದುಕೊಂಡರು. ಸಂಜೆ ನಾನು ಹುಡುಕಿಕೊಂಡು ಹೋಗಿ ಭುಜ ಮುಟ್ಟಿದಾಗ ಗೊತ್ತಾಯಿತು. ಮನೆಯಲ್ಲೂ ಅಲ್ಲ, ಕೌಂಟರಿನಲ್ಲೂ ಅಲ್ಲ, ನಡುವೆ ದಾರಿಯಲ್ಲಿ ನನ್ನ ಅಕ್ಕ ಹೋಗಿಬಿಟ್ಟಿದ್ದಳು.

ಅವಳ ಹಸಿರು ಕೋಟಿನಲ್ಲಿ ಕತ್ತಿನ ಹತ್ತಿರದ ಗುಂಡಿ ಇರಲಿಲ್ಲ. ಬೆಳಗ್ಗೆ ಇತ್ತು, ನಾನು ನೋಡಿದ್ದೆ. ಕಡು ಹಸಿರು ಗಾಜಿನದು, ಅಂಚಿನಲ್ಲಿ ಅವಳ ಹಲ್ಲು ತಾಗಿ ತಾಗಿ ಒಂದು ಸಣ್ಣ ಚಕ್ಕೆ ಎದ್ದಿತ್ತು. ಬೆಂಚಿನ ಕೆಳಗೆ ನೋಡಿದೆ, ಚರಂಡಿಯ ಅಂಚಿನಲ್ಲಿ ನೋಡಿದೆ, ಇರಲಿಲ್ಲ. ಮನೆಗೆ ಬಂದು ಜಾಡಿಗಳನ್ನೆಲ್ಲ ನೆಲಕ್ಕೆ ಸುರಿದು ಜೋಡಿ ಹುಡುಕಿದೆ. ಊರಿನವರ, ಪರ ಊರಿನವರ ಕಳೆದ ಗುಂಡಿಗೆಲ್ಲ ಜೋಡಿ ಕೊಟ್ಟವನಿಗೆ ಅಕ್ಕನ ಕೋಟಿಗೆ ಒಂದು ಗುಂಡಿ ಸಿಗಲಿಲ್ಲ! ಕತ್ತು ತೆರೆದುಕೊಂಡಿದ್ದ ಆ ಕೋಟಿನಲ್ಲೇ ಅವಳನ್ನು ಕಳಿಸಿಕೊಟ್ಟೆವು. ಚಳಿಯಾಗುತ್ತದೆ ಎಂದು ಅವಳಿಗೆ ಮೊದಲಿನಿಂದಲೂ ಕತ್ತಿನ ತನಕ ಗುಂಡಿ ಹಾಕಿಕೊಂಡೇ ಅಭ್ಯಾಸ. ನನಗೆ ಅದೊಂದು ಕೊರಗು ಇವತ್ತಿಗೂ ಹೋಗಿಲ್ಲ.

ಕ್ಷಮಿಸಿ. ನೀರು ಕುಡಿಯುತ್ತೇನೆ.

ಆಮೇಲೆ ಕಟ್ಟುವ ಕೆಲಸವೂ ನನ್ನ ತಲೆಗೇ ಬಂತು. ದಾರ ಬರುವುದಿಲ್ಲವಲ್ಲ, ಟೇಪು ತಂದೆ. ಕರಕರ ಎಂದು ಎಳೆದು ಅಂಟಿಸಿ, ಕೌಂಟರಿಗೆ ಒಪ್ಪಿಸಿ ಬಂದೆ. ಕೆಲವು ದಿನಕ್ಕೆ ಗಿರಾಕಿಗಳ ಅಭಿಪ್ರಾಯಗಳು ಬರತೊಡಗಿದವು. ನಿಮಗೆಲ್ಲ ಗೊತ್ತು, ನಕ್ಷತ್ರ ಕೊಟ್ಟು ಎರಡು ಸಾಲು ಬರೆಯುತ್ತಾರೆ. ಒಬ್ಬರು ಬರೆದರು, "ಗುಂಡಿ ಸರಿಯಾಗಿ ಹೊಂದಿಕೆಯಾಯ್ತು. ಪೊಟ್ಟಣದ ಮೇಲಿನ ದಾರ, ದಾರದ ತುದಿಯ ಗುಂಡಿ ತುಂಬಾ ಚೆಂದ." ಹಳೆಯ ಪೊಟ್ಟಣ ಇರಬೇಕು, ತಡವಾಗಿ ತಲುಪಿದ್ದು ಅಂದುಕೊಂಡೆ. ಇನ್ನೊಬ್ಬರು ಬರೆದರು. ಮತ್ತೊಬ್ಬರು ಫೋಟೋ ಹಾಕಿದರು. ಕಂದು ಕಾಗದದ ಮೇಲೆ ನನ್ನ ಟೇಪು ಇತ್ತು, ಡೊಂಕಾಗಿ, ನಾನು ಅಂಟಿಸಿದ ಹಾಗೆಯೇ. ಅದರ ಮೇಲೆ ದಾರ. ದಾರದ ತುದಿಯಲ್ಲಿ ಕುಣಿಕೆ. ಕುಣಿಕೆಯಲ್ಲಿ ಗುಂಡಿ.

ಹೌದು, ನೀವು ಯೋಚಿಸುತ್ತಿರುವುದನ್ನೇ ನಾನೂ ಯೋಚಿಸಿದೆ. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದು. ತೂಕದಣ್ಣನ ಹತ್ತಿರ ಹೋಗಿ ಜಗಳವಾಡಿದೆ. ಅವರು ಪಾಪ, ಕೈಮುಗಿದರು. "ನನಗ್ಯಾಕೆ ಸಾರ್ ಬೇಕು ಆ ಉಸಾಬರಿ? ಆದ್ರೆ ಒಂದು ಮಾತು ಕೇಳ್ಬೇಕು ಅಂತಿದ್ದೆ. ನೀವು ಇಲ್ಲಿ ಕೊಟ್ಟಾಗ ಒಂದು ತೂಕ, ದೊಡ್ಡ ಡಿಪೋದಲ್ಲಿ ಮತ್ತೆ ತೂಗಿದ್ರೆ ಸ್ವಲ್ಪ ಜಾಸ್ತಿ. ಎಲ್ಲ ಪೊಟ್ಟಣಾನೂ ಹಂಗೇ. ನಿಮ್ಮ ಮನೇದು ಮಾತ್ರ." ಜಾಸ್ತಿ ಎಂದರೆ ಎಷ್ಟು? ಒಂದು ಮೊಳ ದಾರ, ಒಂದು ಗುಂಡಿ. ಅಷ್ಟು ಜಾಸ್ತಿ ತೂಕಕ್ಕೆ ಹೆಚ್ಚಿನ ಸಾಗಣೆ ಖರ್ಚು ಬಿತ್ತು. ಆ ಹೆಚ್ಚಿನ ಖರ್ಚಿನ ಮೇಲೆ ತೆರಿಗೆ ಬಿತ್ತು. ಎಲ್ಲದರ ಮೇಲೆ ಕಂಪನಿ ತನ್ನ ಕಮಿಷನ್ ಹಿಡಿಯಿತು. ಪ್ರತಿನಿಧಿಗಳೇ, ನಿಮ್ಮ ಕಂಪನಿ ಯಾವುದರ ಮೇಲೆ ಕಮಿಷನ್ ಹಿಡಿಯುತ್ತಿದೆ ಎಂದು ನಿಮಗೆ ಗೊತ್ತೇ?

ಬೇರೆ ಊರಿನ ಒಬ್ಬ ದರ್ಜಿ ನಮ್ಮ ಹಳೆಯ ಗಿರಾಕಿ. ಫೋನು ಮಾಡಿ ಕೇಳಿದೆ. "ಹೌದು ಸಾರ್, ದಾರ ಕಟ್ಟಿಯೇ ಬರ್ತಿದೆ, ಮೊದಲಿನ ಹಂಗೇ. ಬೇಜಾರು ಮಾಡ್ಕೊಳ್ಳಲ್ಲ ಅಂದ್ರೆ ಒಂದು ಹೇಳ್ತೀನಿ. ಪೊಟ್ಟಣ ಎಲ್ಲ ಒಣಗಿರುತ್ತೆ. ತುದಿ ಗುಂಡಿ ಮಾತ್ರ ಒದ್ದೆ. ಈಗ ತಾನೇ ಬಾಯಿಂದ ತೆಗೆದ ಹಂಗೆ."

ಹಿಂದೆ ಬಾಗಿಲ ಹತ್ತಿರ ಇರುವವರೇ, ಆ ಬಾಗಿಲು ಹಾಗೇ ತೆರೆದಿರಲಿ. ಮುಚ್ಚಬೇಡಿ.

ಹೆದರಿದೆನೇ? ಹೆದರಿದೆ. ನಾಲ್ಕಾರು ದಿನ ಆ ಮೇಜಿನ ಹತ್ತಿರ ಹೋಗಲಿಲ್ಲ. ಆಮೇಲೆ ಹೆದರಿಕೆ ಹೋಗಿ ಇನ್ನೊಂದು ಬಂತು. ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚು! ಕಂಡವರ ಮನೆಗೆಲ್ಲ ಹೋಗುತ್ತಾಳೆ, ನನ್ನ ಮನೆಗೆ ಬರುವುದಿಲ್ಲ. ಯಾಕೆ ಬರುವುದಿಲ್ಲ? ನಮ್ಮ ಮನೆಯಿಂದ ಹೊರಡುವುದಷ್ಟೇ, ನಮ್ಮ ಮನೆಗೆ ಬರುವುದೇನೂ ಇಲ್ಲ. ಅವಳು ಹೋದ ಮೇಲಿನ ಆ ಕಟ್ಟನ್ನು ನಾನು ಫೋಟೋದಲ್ಲಿ ಬಿಟ್ಟರೆ ಕಣ್ಣಾರೆ ಕಂಡಿಲ್ಲ, ಕೈಯಾರೆ ಮುಟ್ಟಿಲ್ಲ.

ಪ್ರಯತ್ನ ಪಟ್ಟೆ. ನನ್ನ ಅಂಗಡಿಯಿಂದ ನಾನೇ ಒಂದು ಗುಂಡಿ ಕೊಳ್ಳಲು ಹೋದೆ. ಕಂಪನಿ ನನಗೆ ಎಚ್ಚರಿಕೆ ಕಳಿಸಿತು, ಮಾರುವವನೂ ಕೊಳ್ಳುವವನೂ ಒಬ್ಬನೇ, ಇದು ವಂಚನೆ ಎಂದು. ಕೌಂಟರಿಗೆ ಹೋಗಿ ನನ್ನ ವಿಳಾಸವನ್ನೇ ಬರೆದುಕೊಟ್ಟೆ. "ಇಲ್ಲಿಂದ ಇಲ್ಲಿಗೇ ಆದ್ರೆ ಕಂಪ್ಯೂಟರ್ ತಗೊಳ್ಳಲ್ಲ ಸಾರ್" ಎಂದರು ತೂಕದಣ್ಣ. ಪೊಟ್ಟಣ ಕೈಯಲ್ಲಿ ಹಿಡಿದು ಬೀದಿಯೆಲ್ಲ ಸುತ್ತಿ, ಆ ಬೆಂಚಿನ ಮೇಲೂ ಕುಳಿತು ಮನೆಗೆ ಬಂದೆ. ಟೇಪು ಟೇಪಾಗಿಯೇ ಇತ್ತು. ನಾನು ಕೈಬಿಟ್ಟರೆ ಮಾತ್ರ ಅವಳು ಕೈ ಹಾಕುತ್ತಾಳೆ. ಒಬ್ಬ ಗಿರಾಕಿ ಬೇಡವೆಂದು ಗುಂಡಿ ವಾಪಸು ಕಳಿಸಿದರು. ಕುಣಿದಾಡುತ್ತಾ ಬಾಗಿಲು ತೆರೆದೆ. ಅದು ಅವರ ಮನೆಯ ಲಕೋಟೆ, ಅವರ ಮನೆಯ ಅಂಟು. ನಮ್ಮ ಮನೆಯಿಂದ ಹೊರಟದ್ದಕ್ಕೆ ಮಾತ್ರ ಅವಳು ಕಟ್ಟುವುದು.

ಈಗ ಹೇಳಿ, ನಾನು ಹೇಗೆ ಸಹಿ ಹಾಕಲಿ? ನಾಳೆ ಲಾರಿ ಬಂದು ಜಾಡಿಗಳನ್ನು ಗೋದಾಮಿಗೆ ಒಯ್ಯುತ್ತದೆ. ಅಲ್ಲಿಂದ ಹೊರಡುವ ಪೊಟ್ಟಣ ಗೋದಾಮಿನದು, ನಮ್ಮ ಮನೆಯದಲ್ಲ. ಅವಳು ಆ ದಾರಿಯಲ್ಲಿ ಏನು ಕಾಯುತ್ತಾ ಕೂರಬೇಕು? ಸಾಗಣೆ ನಮ್ಮದಲ್ಲ, ದಾಟಿ ಹೋಗುವುದು ಎಂದು ನಾನೇ ಪತ್ರ ಬರೆದೆ. ಎಲ್ಲ ಕಳೆದುಕೊಂಡ ಮೇಲೆ ಈಗ ನನ್ನದು ಅಂತ ಉಳಿದಿರುವುದು ಆ ಸಾಗಣೆ ಒಂದೇ.

ನಿಮ್ಮ ಕಷ್ಟ ಗೊತ್ತಿಲ್ಲವೇ ನನಗೆ? ಖಜಾಂಚಿಗಳು ಹಕ್ಕಿಗೂಡು ಮಾರುತ್ತಾರೆ. ಒಳಗೆ ಬರೀ ಗಾಳಿ, ಆದರೂ ಅಷ್ಟು ದೊಡ್ಡ ಡಬ್ಬದ ಸಾಗಣೆಗೆ ಕಮಿಷನ್ ಕೊಟ್ಟು ಕೊಟ್ಟು ಅವರ ಮಗಳ ಓದು ಈ ವರ್ಷ ನಿಂತಿದೆ. ಆ ಹುಡುಗಿ ಇಲ್ಲೇ ಮೂರನೆಯ ಸಾಲಿನಲ್ಲಿದ್ದಾಳೆ. ಅವಳ ಮುಖ ನೋಡಿ ಮಾತಾಡುವ ಧೈರ್ಯ ನನಗಿಲ್ಲ. ಒಬ್ಬ ಮುದುಕನ ಹಟಕ್ಕೆ ನಿಮ್ಮೆಲ್ಲರ ಅನ್ನದ ಮೇಲೆ ಕಲ್ಲು ಬೀಳುತ್ತದೆ ಎಂದು ಗೊತ್ತು. ಗೊತ್ತಿದ್ದೂ ಹೇಳುತ್ತಿದ್ದೇನೆ. ನನ್ನನ್ನು ಬೈಯಿರಿ, ಸಂಘದಿಂದ ತೆಗೆಯಿರಿ, ಈ ಹೂಗುಚ್ಛ ವಾಪಸು ತೆಗೆದುಕೊಳ್ಳಿ. ನನ್ನಿಂದ ಆಗುವುದಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಆಯಿತು, ಮುಗಿಸಿದೆ. ತಗೊಳ್ಳಿ ನಿಮ್ಮ ಹೂಗುಚ್ಛ.

ಇದೇನಿದು?

ಖಜಾಂಚಿಗಳೇ, ಹೂವು ಎತ್ತಿದರೂ ಈ ಡಬ್ಬ ಹಾರುತ್ತಿಲ್ಲವಲ್ಲ. ಖಾಲಿ ಅಂದಿದ್ದಿರಿ. ಫ್ಯಾನು ಹೀಗೆ ತಿರುಗುತ್ತಿದೆ, ನನ್ನ ಚೀಟಿ ಹಾರಿ ಕೆಳಗೆ ಬಿತ್ತು, ಇದು ಅಲ್ಲಾಡುತ್ತಿಲ್ಲ. ಈ ದಾರ ಯಾರು ಕಟ್ಟಿದ್ದು? ನೀವಾ? ಬರೀ ಕಾಗದ ಸುತ್ತಿ ಅಂಟು ಹಚ್ಚಿದಿರಾ? ಮೈಕಿನವರೇ, ನೀವು ಕಟ್ಟಿದಿರಾ? ವ್ಯಾನಿನಲ್ಲಿ ಹಿಂದೆ ಯಾರಾದರೂ ಕೂತಿದ್ದರಾ? ತಲೆ ಅಲ್ಲಾಡಿಸಬೇಡಿ, ಬಾಯಿಬಿಟ್ಟು ಹೇಳಿ! ಯಾರೂ ಇರಲಿಲ್ಲವಾ?

ಅಯ್ಯೋ. ನಮ್ಮ ಮನೆಯ ಡಬ್ಬ. ನಮ್ಮ ಮನೆಯಿಂದ ಹೊರಟು, ದಾರಿಯಲ್ಲಿ ಬಂದು, ನನ್ನ ಕೈಗೇ ಸೇರಿದ್ದು. ಇಂಥದ್ದೊಂದು ನನಗೆ ಇದುವರೆಗೆ ಬಂದಿರಲಿಲ್ಲ. ಕೊಡುವಾಗ, ಇಡುವಾಗ ನಾಲ್ಕಾರು ಕೈ ಕೂಡಿ ಹಿಡಿದಿದ್ದವು, ನನ್ನ ಕಣ್ಣು ಕ್ಯಾಮೆರಾದ ಮೇಲಿತ್ತು, ತೂಕವೂ ತಿಳಿಯಲಿಲ್ಲ, ದಾರವೂ ಕಾಣಲಿಲ್ಲ. ಹೂವಿನ ಕೆಳಗೆ ಇಷ್ಟು ಹೊತ್ತೂ ಇಲ್ಲೇ ಇತ್ತು, ನಾನು ಮುಂದೆ ನಿಂತು ಹರಟುತ್ತಿದ್ದೆ.

ದಾರ, ಕುಣಿಕೆ, ಕುಣಿಕೆಯಲ್ಲಿ ಗುಂಡಿ. ಹಸಿರು ಗಾಜು. ಕಡು ಹಸಿರು. ಈ ದೀಪಕ್ಕೆ ಹಿಡಿದರೆ ನಿಮಗೂ ಕಾಣಬಹುದು, ಅಂಚಿನಲ್ಲಿ ಒಂದು ಸಣ್ಣ ಚಕ್ಕೆ ಎದ್ದಿದೆ.

ಒದ್ದೆಯಾಗಿದೆ. ಇನ್ನೂ ಬೆಚ್ಚಗಿದೆ.

ಇಲ್ಲ, ಯಾರೂ ಮೇಲೆ ಬರಬೇಡಿ. ನನಗೆ ಏನೂ ಆಗಿಲ್ಲ. ಇದನ್ನು ನಾನು ಇಲ್ಲಿ ಬಿಚ್ಚುವುದಿಲ್ಲ. ಮನೆಗೆ ಒಯ್ದು, ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟು ಬಿಚ್ಚುತ್ತೇನೆ. ಕತ್ತರಿ ಹುಡುಕುವುದಿಲ್ಲ. ಅವಳ ಕೋಟು ಈಗ ಇಲ್ಲ, ಆದರೂ ಗುಂಡಿ ಮನೆಯಲ್ಲಿರಲಿ.

ಅಧ್ಯಕ್ಷರೇ, ಎಲ್ಲಿ ಆ ಕಾಗದ? ತನ್ನಿ. ಪೆನ್ನೂ ಕೊಡಿ. ಹಾಕುತ್ತೇನೆ. ದಾರಿಯಲ್ಲಿದ್ದವಳು ಬಂದು ಮುಟ್ಟಿದಳು, ಇನ್ನು ಯಾರಿಗಾಗಿ ನಾನು ಸಾಗಣೆಯನ್ನು ಹಿಡಿದುಕೊಂಡು ಕೂರಲಿ? ಇಗೋ, ಆಯಿತು. ಮಗಳೇ, ಮೂರನೆಯ ಸಾಲಿನವಳೇ, ನಿನ್ನ ಓದು ಮುಂದುವರಿಸು. ಪ್ರತಿನಿಧಿಗಳೇ, ಕೊಟ್ಟ ಮಾತಿಗೆ ತಪ್ಪಬೇಡಿ. ತಪ್ಪಿದರೆ ಮತ್ತೆ ಪತ್ರ ಬರೆಯುತ್ತೇನೆ, ಬರೆಸುವವರು ಈಗ ಮನೆಯಲ್ಲೇ ಇರುತ್ತಾರೆ.

ಕರೆದು ಕೂರಿಸಿ ಮರ್ಯಾದೆ ಮಾಡಿದಿರಿ, ಇಷ್ಟು ಹೊತ್ತು ಸಹಿಸಿಕೊಂಡಿರಿ, ಅದಕ್ಕೆ ಕೃತಜ್ಞತೆಗಳು. ಡಬ್ಬ ತಂದ ಖಜಾಂಚಿಗಳಿಗೆ, ವ್ಯಾನಿನಲ್ಲಿ ಜೋಪಾನವಾಗಿ ಕರೆತಂದ ಮೈಕಿನವರಿಗೆ ಕೃತಜ್ಞತೆಗಳು. ನನ್ನನ್ನು ಮನೆಗೆ ಬಿಡಲು ಕಾರು ಏರ್ಪಾಡು ಮಾಡಿದ್ದೀರಂತೆ. ಬೇಡ. ಬಸ್ ನಿಲ್ದಾಣದ ಮೇಲೆ ಹಾದು ನಾವು ನಡೆದೇ ಹೋಗುತ್ತೇವೆ. ಆ ಬಾಗಿಲಲ್ಲಿ ನಿಂತವರು ಸ್ವಲ್ಪ ಸರಿದು ದಾರಿ ಕೊಡಿ, ಇಬ್ಬರು ಹೋಗುವಷ್ಟು.

ತಮಗೆಲ್ಲರಿಗೂ ನಮ್ಮಿಬ್ಬರ ನಮಸ್ಕಾರ.